ಪಾಸಾದ ಕಾರನ್ನು ಫೇಲ್ ಮಾಡಿಸಿದ ಮುನೀರ್ ಭಾಯ್

ಹೋದ ವರ್ಷ ದಸರಾ ಮುಗಿದ ಮರುವಾರ ನಡೆದದ್ದು ಇದು. ದುಬೈನ ಅಲ್ ಬರ್ಷಾದಲ್ಲಿ ನಮ್ಮ ಮನೆ. ನಮ್ಮ ಯಜಮಾನರು ಜೆಬೆಲ್ ಅಲಿಯ ಒಂದು ಕಂಪನಿಯಲ್ಲಿ ಎಂಜಿನಿಯರ್. ಆಗ ಕಂಪನಿಯವರು ಅವರನ್ನು ಕೆಲವು ವಾರಗಳ ಮಟ್ಟಿಗೆ ಅಬುಧಾಬಿಯ ಸೈಟಿಗೆ ಹಾಕಿದ್ದರು. ಸರಿಯಾಗಿ ಅದೇ ಹೊತ್ತಿಗೆ ಹುಬ್ಬಳ್ಳಿಯಿಂದ ನಮ್ಮ ಅತ್ತೆ ವಿಸಿಟ್ ವೀಸಾದ ಮೇಲೆ ಬಂದಿಳಿದರು. "ಮಗನ್ನ ನೋಡಾಕಂತ ಸಮುದ್ರ ದಾಟಿ ಬಂದೇನಿ. ಇಲ್ಲಿಗೆ ಬಂದ್ರೂ ಫೋನಿನ್ಯಾಗ ನೋಡೂದಾತು" ಎಂದು ದಿನಾ ಅವರ ಗೊಣಗಾಟ. ಕೊನೆಗೆ, ಶನಿವಾರ ಬೆಳಿಗ್ಗೆ ಅತ್ತೆಯನ್ನೂ ಮಗಳು ಅನಘಾಳನ್ನೂ ಕೂರಿಸಿಕೊಂಡು ನಾನೇ ಕಾರು ಓಡಿಸಿಕೊಂಡು ಅಬುಧಾಬಿಗೆ ಹೋಗುವುದೆಂದು ತೀರ್ಮಾನವಾಯಿತು.

ನಾನು ಲೈಸೆನ್ಸ್ ಪಡೆದು ಬಹಳ ದಿನಗಳಾಗಿರಲಿಲ್ಲ. ಎಷ್ಟು ಸಲ ಫೇಲಾಗಿ ಪಡೆದೆ ಎಂದು ಮಾತ್ರ ಯಾರೂ ಕೇಳಬೇಡಿ. ದೊಡ್ಡ ಹೆದ್ದಾರಿಯಲ್ಲಿ ಅಷ್ಟು ದೂರ ಒಬ್ಬಳೇ ಓಡಿಸುವುದು ಅದೇ ಮೊದಲು. ಒಳಗೊಳಗೆ ಪುಕುಪುಕು ಎನ್ನುತ್ತಿದ್ದರೂ ಹೊರಗೆ ಜಂಬವೇ ಜಂಬ.

ಆದರೆ ಒಂದು ತೊಡಕಿತ್ತು. ಅದೇ ವಾರ ನಮ್ಮ ಕಾರಿನ ಮುಲ್ಕಿಯಾ ಮುಗಿಯುವುದಿತ್ತು. ಮುಲ್ಕಿಯಾ ಎಂದರೆ ಇಲ್ಲಿ ಗಾಡಿಯ ನೋಂದಣಿ ಚೀಟಿ. ಅದನ್ನು ವರ್ಷವರ್ಷವೂ ಹೊಸದು ಮಾಡಿಸಬೇಕು. ಗಾಡಿ ಹಳೆಯದಾಗಿದ್ದರೆ ಮೊದಲು ಅದನ್ನು ತಪಾಸಣೆ ಕೇಂದ್ರಕ್ಕೆ ಒಯ್ದು ಪರೀಕ್ಷೆ ಮಾಡಿಸಬೇಕು. ಅದಕ್ಕೆ ನಮ್ಮ ಕಡೆಯವರೆಲ್ಲ 'ಪಾಸಿಂಗ್' ಎನ್ನುತ್ತಾರೆ. ಪ್ರತಿವರ್ಷ ಯಜಮಾನರೇ ಮಾಡಿಸಿಕೊಂಡು ಬರುತ್ತಿದ್ದರು. ಈ ಸಲ ಫೋನಿನಲ್ಲಿ, "ಮುನೀರ್ ಭಾಯ್‌ಗೆ ಹೇಳೇನಿ, ಅವ್ರು ನಿನ್ ಜೋಡಿ ಬರ್ತಾರ. ಚಿಂತಿ ಮಾಡಬ್ಯಾಡ" ಎಂದರು.

ಮುನೀರ್ ಭಾಯ್ ಭಟ್ಕಳದವರು. ಇಲ್ಲಿ ಹಳೇ ಕಾರುಗಳ ವ್ಯಾಪಾರ ಮಾಡುತ್ತಾರೆ. ಮನೆಯಲ್ಲಿ ನವಾಯತಿ, ಅಂಗಡಿಯಲ್ಲಿ ಉರ್ದು, ಅರಬ್ಬಿ, ನಮ್ಮಂಥವರು ಸಿಕ್ಕರೆ ಬಾಯ್ತುಂಬ ಕನ್ನಡ. ನಮ್ಮ ಕಾರನ್ನು ನಮಗೆ ಮಾರಿದವರು ಅವರೇ. ಮಾರಿ ವರ್ಷಗಳೇ ಕಳೆದಿದ್ದವು. ಆದರೂ ಹಬ್ಬಕ್ಕೆ ಫೋನ್ ಮಾಡಿದರೆ, "ಎಲ್ಲರೂ ಆರಾಮಾ ಅಕ್ಕ?" ಎಂದ ಮೇಲೆ ಎರಡನೆಯ ಪ್ರಶ್ನೆ, "ಗಾಡಿ ಹೇಗುಂಟು?" ಮಗಳನ್ನು ಕೊಟ್ಟ ಮನೆಯವರು ವಿಚಾರಿಸಿದ ಹಾಗೆ ವಿಚಾರಿಸುತ್ತಿದ್ದರು.

ವಾರದ ಮೊದಲಲ್ಲೇ ಅವರ ಜೊತೆ ತಪಾಸಣೆ ಕೇಂದ್ರಕ್ಕೆ ಹೋದೆ. ಕೀಲಿ ಕೊಟ್ಟು ಚೀಟಿ ಹಿಡಿದು ಗಾಜಿನ ಆಚೆ ಕೂರಬೇಕು. ಒಳಗೆ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಬ್ರೇಕ್ ನೋಡುತ್ತಾರೆ, ಮೇಲೆತ್ತಿ ಹೊಟ್ಟೆಯನ್ನು ಟಾರ್ಚ್ ಹಿಡಿದು ನೋಡುತ್ತಾರೆ, ದೀಪ, ಗಾಜು, ಬೆಲ್ಟು, ಹಾರ್ನ್, ಒಂದನ್ನೂ ಬಿಡುವುದಿಲ್ಲ. ಹೊರಗೆ ಕೂತವರ ಮುಖಗಳನ್ನು ನೋಡಬೇಕಿತ್ತು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಶಾಲೆಯ ಮುಂದೆ ನಿಂತವರ ಮುಖಗಳೇ ಸೈ. ನನ್ನ ಪಕ್ಕದಲ್ಲಿದ್ದ ಮಲಯಾಳಿಯೊಬ್ಬರ ಗಾಡಿ ಎಂಜಿನ್ನಿನಿಂದ ಎಣ್ಣೆ ಸೋರುತ್ತದೆ ಎಂದು ಫೇಲಾಯಿತು. ಒಬ್ಬ ಪಠಾಣನ ಪಿಕಪ್ಪಿನ ಚಕ್ರ ಅಲ್ಲಾಡುತ್ತಿತ್ತು. ಇನ್ನೊಬ್ಬರು ಗಾಜಿಗೆ ಕಪ್ಪು ಹಾಳೆ ಅತಿಯಾಗಿ ಅಂಟಿಸಿ ಸಿಕ್ಕಿಬಿದ್ದಿದ್ದರು.

ನಮ್ಮದೂ ಫೇಲಾಯಿತು! ಒಂದಲ್ಲ, ಮೂರು ಕಾರಣಗಳಿಗೆ. ಟಯರುಗಳ ಗೆರೆಗಳು ಚೆನ್ನಾಗಿಯೇ ಇದ್ದವು, ಆದರೆ ವಯಸ್ಸಾಗಿತ್ತು. ಟಯರು ಯಾವ ವರ್ಷದ್ದು ಎಂದು ಅದರ ಮೈಮೇಲೇ ಬರೆದಿರುತ್ತದೆ. ಇಲ್ಲಿನ ಬಿಸಿಲಿಗೆ ನೋಡಲು ಚೆನ್ನಾಗಿರುವ ರಬ್ಬರೂ ಒಳಗೆ ಒಣಗಿರುತ್ತದಂತೆ. ಎರಡನೆಯದು, ಮುಂದಿನ ದೀಪದ ಗಾಜು ಹಳದಿಯಾಗಿತ್ತು. ಮೂರನೆಯದನ್ನು ಹೇಳಲು ಈಗಲೂ ನಗು ಬರುತ್ತದೆ. ಆಯುಧ ಪೂಜೆಯ ದಿನ ನಮ್ಮ ಅತ್ತೆ ನೆಲಮಹಡಿಯ ಪಾರ್ಕಿಂಗಿಗೆ ಇಳಿದು ಕಾರಿಗೆ ಮನಸಾರೆ ಪೂಜೆ ಮಾಡಿದ್ದರು. ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ನಂಬರ್ ಪ್ಲೇಟಿಗೂ ಬಂಪರಿಗೂ ಹಚ್ಚಿದ್ದರು. ನಾನು ಒರೆಸಿದ್ದೆನಾದರೂ ಅಂಕಿಗಳ ಸಂದಿಯಲ್ಲಿ ಕೆಂಪು ಹಾಗೇ ಉಳಿದಿತ್ತು. ತಪಾಸಣೆಯ ಹುಡುಗ ಹೊರಗೆ ಬಂದು, ದನಿ ತಗ್ಗಿಸಿ, "ಮೇಡಂ, ಯಾರಿಗಾದರೂ ಗುದ್ದಿದ್ದೀರಾ?" ಎಂದು ಹಿಂದಿಯಲ್ಲಿ ಕೇಳಿದ. ಮುನೀರ್ ಭಾಯ್ ಅವನಿಗೆ ಪೂಜೆಯ ವಿಷಯ ಬಿಡಿಸಿ ಹೇಳುವಷ್ಟರಲ್ಲಿ ನನಗೆ ಮುಖವೆಲ್ಲಿಡಲಿ ಎನ್ನಿಸಿತ್ತು.

ಶನಿವಾರದ ಪ್ರಯಾಣ ಏನಾಗುತ್ತದೋ ಎಂದು ನಾನು ಕಂಗಾಲಾಗಿದ್ದರೆ ಈ ಮುನೀರ್ ಭಾಯ್ ಚಹಾ ತಂದು ಕೈಗಿತ್ತು, "ಫೇಲಾಯ್ತಲ್ಲ, ಒಳ್ಳೇದಾಯ್ತು ಅಕ್ಕ" ಎಂದರು.

"ಏನ್ ಒಳ್ಳೇದ್ರೀ ಭಾಯ್? ಫೇಲಾದ್ರ ಯಾರಾದ್ರೂ ಚಾ ಕುಡಸ್ತಾರೇನು?"

"ಅಲ್ಲ ಮಾರಾಯ್ರೆ, ಟಯರು ಹೋಗಿದೆ ಅಂತ ಇಲ್ಲಿ ಕುರ್ಚಿ ಮೇಲೆ ಕೂತು ಗೊತ್ತಾದ್ರೆ ಒಳ್ಳೇದಾ, ಹೈವೇ ಮೇಲೆ ಗೊತ್ತಾದ್ರೆ ಒಳ್ಳೇದಾ?"

ಮಾತು ಸರಿಯೇ. ಆದರೆ ಫೇಲ್ ಎಂಬ ಶಬ್ದ ಕೇಳಿ ಕೇಳಿ ಸಾಕಾಗಿದ್ದ ನನಗೆ ಆಗ ಅದು ರುಚಿಸಲಿಲ್ಲ. ಚಹಾ ಮಾತ್ರ ಕುಡಿದೆ.

ಮುಂದಿನ ದಿನಗಳಲ್ಲಿ ಟಯರು ಹಾಕಿಸಿದೆ, ದೀಪ ಉಜ್ಜಿಸಿದೆ, ಹೊಸ ನಂಬರ್ ಪ್ಲೇಟಾಯಿತು. ಎರಡನೇ ಸಲ ಫೇಲಾಗಬಾರದೆಂಬ ಹಟ ನನಗೆ. ನಮ್ಮ ಕಟ್ಟಡದ ಲಿಫ್ಟಿನಲ್ಲಿ ಸಿಕ್ಕವರೆಲ್ಲ ಒಂದೇ ಸಲಹೆ ಕೊಟ್ಟರು: ಪಾಸಿಂಗಿಗೆ ಮುಂಚೆ ಎಂಜಿನ್ ತೊಳೆಸಬೇಕು. ಇಲ್ಲಿ ನಮ್ಮವರಲ್ಲಿ ಇದೊಂದು ರೂಢಿ. ಮನೆಗೆ ಹೆಣ್ಣು ನೋಡಲು ಬರುತ್ತಾರೆಂದರೆ ನಾವು ಹಿತ್ತಲನ್ನೂ ಗುಡಿಸುವುದಿಲ್ಲವೇ, ಹಾಗೆಯೇ ಇದೂ ಎಂದುಕೊಂಡೆ. ಗುರುವಾರ ಒಂದು ಗ್ಯಾರೇಜಿಗೆ ಒಯ್ದು ಎಂಜಿನ್ ಅಷ್ಟೇ ಅಲ್ಲ, ಕಾರಿನ ಕೆಳಮೈ, ಚಕ್ರದ ಸಂದಿಗೊಂದಿಗಳನ್ನೂ ರಭಸದ ನೀರಿನಲ್ಲಿ ತೊಳೆಸಿದೆ. ವರ್ಷಗಳಿಂದ ಮೆತ್ತಿಕೊಂಡಿದ್ದ ಮರಳು, ಜಿಡ್ಡು ಎಲ್ಲ ಕಿತ್ತುಹೋಯಿತು. ತೊಳೆದವನು ಇನ್ನಷ್ಟು ಉಮೇದಿನಿಂದ ಒಳಗಿನ ಎಣ್ಣೆ, ನೀರು ಎಲ್ಲವನ್ನೂ ಗೆರೆಯವರೆಗೆ ತುಂಬಿಕೊಟ್ಟ. ನನಗೋ ಗೆದ್ದಷ್ಟು ಖುಷಿ.

ಶುಕ್ರವಾರ ಬೆಳಿಗ್ಗೆ ಎರಡನೇ ಪರೀಕ್ಷೆ. ಈ ಸಲ ಪಾಸು! ಫೋನಿನಲ್ಲೇ ಮುಲ್ಕಿಯಾ ಹೊಸದಾಯಿತು. ಅತ್ತೆ ಊರಿನಿಂದ ತಂದಿದ್ದ ಧಾರವಾಡ ಪೇಡಾದ ಡಬ್ಬಿ ಚೀಲದಲ್ಲೇ ಇತ್ತು. ಕೀಲಿ ತಂದುಕೊಟ್ಟ ಹುಡುಗನಿಗೂ ಕೊಟ್ಟೆ, ಪಕ್ಕದಲ್ಲಿ ಕೂತ ಅಪರಿಚಿತರಿಗೂ ಹಂಚಿದೆ. ಮುನೀರ್ ಭಾಯ್ ಪೇಡಾ ಬಾಯಿಗೆ ಹಾಕಿಕೊಳ್ಳುತ್ತಾ ಕಾರಿನ ಬಾನೆಟ್ ಎತ್ತಿ ನೋಡಿದರು. ಪೇಡಾ ಅಗಿಯುವುದು ನಿಂತಿತು.

"ತೊಳೆಸಿದ್ರಾ ಅಕ್ಕ?"

"ಹೂಂ ಮತ್ತ! ಮ್ಯಾಲ, ಕೆಳಗ ಎಲ್ಲಾ ಕಡೆ. ಹೆಂಗ ಥಳಾ ಥಳಾ ಹೊಳ್ಯಾಕತ್ತೈತಿ ನೋಡ್ರಿ."

"ಛೆ. ತೊಳೆಸಬಾರದಿತ್ತು." ಅವರು ಬಾನೆಟ್ ಮುಚ್ಚಿದರು. "ತೊಳೆದ ಗಾಡಿ ಎಂತ ತೋರಿಸ್ತದೆ? ಎಲ್ಲಿ ಸೋರ್ತಾ ಉಂಟು ಅಂತ ಅವರಿಗೂ ಕಾಣೂದಿಲ್ಲ, ನಮಗೂ ಕಾಣೂದಿಲ್ಲ. ಮನೆ ಮುಟ್ಟಿದ ಮೇಲೆ ಇವತ್ತೊಂದು ದಿನ ಗಾಡಿ ಅಲ್ಲಾಡಿಸಬೇಡಿ. ಸರಕಾರದ ಪಾಸಿಂಗ್ ಆಯ್ತು, ಇನ್ನು ನನ್ನ ಪಾಸಿಂಗ್ ಉಂಟು."

ಅವರ ಪಾಸಿಂಗ್ ಏನೆಂದು ಆಮೇಲೆ ಗೊತ್ತಾಯಿತು. ನನ್ನ ಹಿಂದೆಯೇ ತಮ್ಮ ಕಾರಿನಲ್ಲಿ ಬಂದು, ನಮ್ಮ ಕಟ್ಟಡದ ಪಾರ್ಕಿಂಗಿನಲ್ಲಿ ನಾನು ಕಾರು ನಿಲ್ಲಿಸಿದ ಮೇಲೆ, ತಮ್ಮ ಕಾರಿನ ಡಿಕ್ಕಿಯಿಂದ ದೊಡ್ಡ ದೊಡ್ಡ ಬಿಳಿ ರಟ್ಟುಗಳನ್ನು ತೆಗೆದರು. ಮಂಡಿಯೂರಿ ಅವನ್ನೆಲ್ಲ ನಮ್ಮ ಕಾರಿನ ಕೆಳಗೆ ಹಾಸಿದರು. ಎಂಜಿನ್ ಚಾಲೂ ಮಾಡಿ ಬ್ರೇಕನ್ನು ಜೋರಾಗಿ ಹಲವು ಸಲ ಒತ್ತಲು ನನಗೆ ಹೇಳಿದರು. ಒತ್ತಿದೆ. "ಖಲಾಸ್. ನಾಳೆ ಬೆಳಿಗ್ಗೆ ಈ ರಟ್ಟು ನೋಡಿ. ಹೀಗೇ ಬೆಳ್ಳಗೆ ಉಂಟು ಅಂತಾದ್ರೆ ಬಿಸ್ಮಿಲ್ಲಾ ಹೇಳಿ ಹೊರಡಿ. ಕಲೆ ಇದ್ರೆ ನನಗೆ ಫೋನ್ ಮಾಡಿ" ಎಂದರು. ಅವರು ಮಾರುವ ಪ್ರತಿ ಕಾರಿಗೂ ಹೀಗೆ ರಟ್ಟು ಹಾಸಿ ನೋಡಿಯೇ ಕೀಲಿ ಕೊಡುತ್ತಾರಂತೆ.

ವಾಚ್‌ಮನ್ ಬಂದು ಕಸ ಹಾಕಬೇಡಿ ಎಂದು ತಗಾದೆ ತೆಗೆದ. ನನಗೂ ಸಿಟ್ಟು ಬಂದಿತ್ತು. ಸಂಜೆ ಸಾಮಾನು ತರಲು ಟ್ಯಾಕ್ಸಿಯಲ್ಲಿ ಹೋಗಬೇಕಾಯಿತು. ಯಜಮಾನರಿಗೆ ಫೋನ್ ಮಾಡಿ, "ನಿಮ್ಮ ಮುನೀರ್ ಭಾಯ್‌ದು ಏನ್ರೀ ಇದು? ಸರ್ಕಾರದವ್ರು ಪಾಸ್ ಮಾಡಿದ್ರೂ ಇವ್ರು ಮಾಡವಲ್ರು. ಮತ್ತ ರಿಪೇರಿ ಗಿಪೇರಿ ಅಂತ ತಮ್ಮವರ ಗ್ಯಾರೇಜಿಗೆ ಕರಕೊಂಡು ಹೋಗೂ ವಿಚಾರ ಇರಬೇಕು" ಎಂದೆ. ಅವರು, "ಹಂಗೆಲ್ಲಾ ಅನಬ್ಯಾಡ" ಎಂದು ನಕ್ಕು ಫೋನಿಟ್ಟರು.

ಶನಿವಾರ ಬೆಳಿಗ್ಗೆ ಚಪಾತಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿಯ ಡಬ್ಬಿಗಳನ್ನು ಹೊತ್ತುಕೊಂಡು ಮೂವರೂ ಕೆಳಗಿಳಿದೆವು. ನಾನು ಬಗ್ಗಿ ರಟ್ಟು ಎಳೆದೆ. ಎಂಜಿನ್ ಕೆಳಗಿನದು ಬೆಳ್ಳಗೇ ಇತ್ತು. "ನೋಡ್ರಿ, ಏನೂ ಇಲ್ಲ" ಎಂದು ಗೆಲುವಿನಿಂದ ಹೇಳಿದೆ. ಆದರೆ ಹಿಂದಿನ ಚಕ್ರದ ಹತ್ತಿರದ ರಟ್ಟಿನ ಮೇಲೆ ಅಂಗೈಯಗಲದ ಒಂದು ಒದ್ದೆ ಕಲೆಯಿತ್ತು.

"ಅಮ್ಮಾ, ಇಟ್ಸ್ ಜಸ್ಟ್ ಎಸಿ ವಾಟರ್. ಲೆಟ್ಸ್ ಗೋ" ಎಂದಳು ಮಗಳು.

ನಾನೂ ಹಾಗೇ ಅಂದುಕೊಂಡೆ. ಖರೆ ಹೇಳಬೇಕೆಂದರೆ ಹಾಗೆ ಅಂದುಕೊಳ್ಳುವುದು ನನಗೆ ಬೇಕಾಗಿತ್ತು. ರಟ್ಟನ್ನು ಗೋಡೆಗೆ ಒರಗಿಸಿ ಬಾಗಿಲು ತೆಗೆದು, ಡಬ್ಬಿಗಳ ಚೀಲವನ್ನು ಹಿಂದಿನ ಸೀಟಿಗಿಟ್ಟು ಕೂತೂಬಿಟ್ಟೆ. ಅಷ್ಟರಲ್ಲಿ ಅತ್ತೆ ಆ ಕಲೆಯನ್ನು ಮುಟ್ಟಿ, ಬೆರಳುಗಳ ನಡುವೆ ತಿಕ್ಕಿ ನೋಡಿ, "ಇದು ನೀರಲ್ಲವ್ವಾ. ಜಿಡ್ಡು ಐತಿ. ಆ ಮನಷ್ಯಾ ಅಷ್ಟು ಹೇಳ್ಯಾನಲ್ಲ, ಒಂದ್ ಫೋನ್ ಮಾಡಿದ್ರ ನಿನ್ ಗಂಟೇನ್ ಹೋಗ್ತದ?" ಎಂದರು. ಮುಖ ಊದಿಸಿಕೊಂಡೇ ಫೋನ್ ಮಾಡಿದೆ.

"ಗಾಡಿ ಚಾಲೂ ಮಾಡಬೇಡಿ ಅಕ್ಕ. ನಾನು ಬಂದೆ" ಎಂದರು ಮುನೀರ್ ಭಾಯ್.

ಬಂದವರು ಕಲೆ ನೋಡಿ, ಮೂಸಿ, ತಲೆ ಕೆರೆದುಕೊಂಡರು. "ಬ್ರೇಕಿನ ಎಣ್ಣೆ ಅಂತ ಕಾಣ್ತದೆ. ನನಗೂ ಗ್ಯಾರಂಟಿ ಇಲ್ಲ. ತೊಳೆಯುವಾಗ ಎಲ್ಲೋ ಉಳಿದ ಎಣ್ಣೆ ನೀರೂ ಇರಬಹುದು" ಎಂದರು. ಆಮೇಲೆ ಅವರು ಮಾಡಿದ ಕೆಲಸ ನನಗೆ ಹುಚ್ಚಾಟವೆಂದೇ ಕಂಡಿತು. ಕೆಟ್ಟ ಗಾಡಿಗಳನ್ನು ಹೊತ್ತೊಯ್ಯುವ ರಿಕವರಿ ಲಾರಿ ತರಿಸಿ, ಚೆನ್ನಾಗಿ ಓಡುತ್ತಿದ್ದ ನಮ್ಮ ಕಾರನ್ನು ಅದರ ಮೇಲೆ ಹತ್ತಿಸಿದರು. ಎಲ್ಲಿಗೆ ಎಂದರೆ, ಹಿಂದಿನ ದಿನ ಪಾಸ್ ಮಾಡಿದ್ದ ತಪಾಸಣೆ ಕೇಂದ್ರಕ್ಕೇ!

"ಅಲ್ರೀ, ಗ್ಯಾರೇಜಿಗೆ ಒಯ್ಯೂದು ಬಿಟ್ಟು ಅಲ್ಲಿಗ್ಯಾಕ?" ಎಂದೆ.

"ಗ್ಯಾರೇಜಿಗೆ ಹೋದ್ರೆ ನೀವು ನಂಬೂದಿಲ್ಲ ಅಕ್ಕ. ಇವ ಕಾಸು ಮಾಡ್ಲಿಕ್ಕೆ ಹೇಳ್ತಾನೆ ಅಂತ ಅನ್ನಿಸ್ತದೆ, ಅದು ತಪ್ಪಲ್ಲ. ನಮ್ಮ ವ್ಯಾಪಾರವೇ ಹಾಗೆ, ಎಲ್ಲರೂ ಹಾಗೇ ತಿಳೀತಾರೆ. ಪಾಸ್ ಮಾಡಿದವರೇ ನೋಡಿ ಹೇಳ್ಲಿ" ಎಂದರು. ಒಂದಿಷ್ಟೂ ಬೇಸರವಿರಲಿಲ್ಲ ಅವರ ದನಿಯಲ್ಲಿ.

ನಾವು ಮೂವರೂ ಅವರ ಕಾರಿನಲ್ಲಿ ಲಾರಿಯ ಹಿಂದೆಯೇ ಹೋದೆವು. ಕೇಂದ್ರದಲ್ಲಿ ಬಿಳಿ ನಿಲುವಂಗಿ ತೊಟ್ಟ, ನಡುವಯಸ್ಸಿನ ಅರಬ್ಬರೊಬ್ಬರು ಮೇಲ್ವಿಚಾರಕರು. ಮುನೀರ್ ಭಾಯ್ ಅವರ ಮುಂದೆ ನಿಂತು ಅರಬ್ಬಿಯಲ್ಲಿ ಏನೇನೋ ಹೇಳಿದರು. ಅವರು ಕಾರನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ, ನನಗೂ ತಿಳಿಯಲೆಂದು ಹಿಂದಿಯಲ್ಲಿ ಹೇಳಿದರು: "ಫೇಲಾದ ಗಾಡಿಯನ್ನು ಪಾಸ್ ಮಾಡಿ ಅಂತ ದಿನಾ ಬರ್ತಾರೆ. ಪಾಸಾದ ಗಾಡಿಯನ್ನು ಫೇಲ್ ಮಾಡಿ ಅಂತ ಬಂದದ್ದು ನೀವೇ ಮೊದಲು."

ಅವರು ಮನಸ್ಸು ಮಾಡಿದ್ದರೆ, 'ಒಂದು ಸಲ ಪಾಸಾಯಿತು, ಹೋಗಿ' ಎನ್ನಬಹುದಿತ್ತು. ಸಾಲಿನಲ್ಲಿ ಎಷ್ಟೋ ಗಾಡಿಗಳು ಕಾಯುತ್ತಿದ್ದವು. ಆದರೆ "ಯಲ್ಲಾ", ಅಂದರೆ ನಡೀರಿ, ಎಂದು ಕೈಬೀಸಿ, ನಮ್ಮ ಕಾರನ್ನು ಒಳಗೆ ತಳ್ಳಿಸಿ ಮೇಲೆತ್ತಿಸಿದರು. ಹಿಂದಿನ ದಿನ ಪರೀಕ್ಷೆ ಮಾಡಿದ ಹುಡುಗನನ್ನೇ ಕರೆಸಿ ಬ್ರೇಕ್ ಒತ್ತಲು ಹೇಳಿದರು. ಒಂದು ಸಲ ಒತ್ತಿದ, ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದ. ಆಗಲೂ ಇಲ್ಲ. ಮುನೀರ್ ಭಾಯ್ ಹಣೆಯ ಬೆವರು ಒರೆಸಿಕೊಂಡರು. "ಜೋರಾಗಿ, ನಿಜವಾಗಿ ಎದುರಿಗೆ ಲಾರಿ ಬಂದ ಹಾಗೆ" ಎಂದರು ಮೇಲ್ವಿಚಾರಕರು. ಹುಡುಗ ಬಲವಾಗಿ ಅದುಮಿದ. ಹಿಂದಿನ ಚಕ್ರದ ಹತ್ತಿರ ಫಟ್ ಎಂದು ಸಣ್ಣ ಸದ್ದಾಯಿತು. ಅಷ್ಟೆ. ಎಣ್ಣೆ ಚಿಮ್ಮಿ ನೆಲಕ್ಕೆ ಹರಿಯತೊಡಗಿತು.

ಕಾರನ್ನು ಇಳಿಸಿದ ಮೇಲೆ ಮೇಲ್ವಿಚಾರಕರು ನನ್ನನ್ನು ಕರೆದು, "ನೀವೇ ಕೂತು ಒತ್ತಿ ನೋಡಿ, ಗೊತ್ತಿರಬೇಕು ನಿಮಗೆ" ಎಂದರು. ಕೂತು ಬ್ರೇಕ್ ಒತ್ತಿದೆ. ಪೆಡಲ್ಲು ನನ್ನ ಕಾಲನ್ನು ತಡೆಯಲೇ ಇಲ್ಲ. ನಾದಿದ ಹಿಟ್ಟಿನಲ್ಲಿ ಕಾಲಿಟ್ಟ ಹಾಗೆ ಮೆತ್ತಗೆ ತಳಕ್ಕೆ ಹೋಗಿ ನಿಂತಿತು. ಕನ್ನಡಿಯಲ್ಲಿ ಹಿಂದಿನ ಸೀಟು ಕಂಡಿತು. ಚಪಾತಿ ಡಬ್ಬಿಯ ಚೀಲ ಅಲ್ಲೇ ಇತ್ತು, ಅತ್ತೆ ಕೂರಬೇಕಾದ ಜಾಗದಲ್ಲಿ. ಅಬುಧಾಬಿ ಹೆದ್ದಾರಿ, ಬಿರುಸಾಗಿ ಹೋಗುವ ಲಾರಿಗಳು, ನಿದ್ದೆ ಹೋದ ಮಗಳು, ಈ ಪೆಡಲ್ಲು. ಕೀಲಿ ತೆಗೆದು ಮೇಲ್ವಿಚಾರಕರ ಕೈಗೇ ಕೊಟ್ಟು ಇಳಿದುಬಿಟ್ಟೆ.

ಚಕ್ರಕ್ಕೆ ಬ್ರೇಕಿನ ಎಣ್ಣೆ ಒಯ್ಯುವ ರಬ್ಬರ್ ಕೊಳವೆ ಬಿರುಕು ಬಿಟ್ಟಿತ್ತಂತೆ. ವಾರದ ಮೊದಲ ಪರೀಕ್ಷೆ ಆದ ಮೇಲೆಯೇ ಅದು ಸೋರಲು ಶುರುವಾಗಿರಬೇಕು ಎಂದರು. ತೊಳೆಯದೇ ಇದ್ದಿದ್ದರೆ ಕೊಳವೆಯ ಸುತ್ತ ಕಪ್ಪಗೆ ಒದ್ದೆ ಜಿಡ್ಡು ಕಟ್ಟಿರುತ್ತಿತ್ತು, ಟಾರ್ಚ್ ಬಿಟ್ಟ ಕೂಡಲೇ ಕಾಣುತ್ತಿತ್ತು. ನಾನು ಹಣ ಕೊಟ್ಟು ಆ ಗುರುತನ್ನೇ ಅಳಿಸಿ, ಕಡಿಮೆಯಾಗಿದ್ದ ಎಣ್ಣೆಯನ್ನೂ ತುಂಬಿಸಿ ತಂದಿದ್ದೆ. ಪರೀಕ್ಷೆ ಮಾಡಿದ ಆ ಹುಡುಗನ ಮುಖ ಸಣ್ಣದಾಗಿತ್ತು. ಮೇಲ್ವಿಚಾರಕರು ಅವನ ಹೆಗಲ ಮೇಲೆ ಕೈಯಿಟ್ಟು, "ನಿನ್ನೆ ಕಂಡದ್ದು ನಿನ್ನೆ ಬರೆದೆ. ಇವತ್ತು ಕಂಡದ್ದು ಇವತ್ತು ಬರಿ" ಎಂದರು. ನಾಚಿಕೆಪಡದೆ, ಮುಚ್ಚಿಡದೆ, ತಾವೇ ಕೊಟ್ಟ ಪಾಸನ್ನು ತಾವೇ ತೆಗೆದುಹಾಕಿದ ಆ ಜನರ ಮೇಲೆ ನನಗೆ ಹುಟ್ಟಿದ ಗೌರವ ಇಂದಿಗೂ ಹಾಗೇ ಇದೆ.

ಹೊರಗೆ ಬಂದು ಮುನೀರ್ ಭಾಯ್‌ಗೆ ಏನೋ ಹೇಳಲು ಹೋದೆ, ಅಳು ಬಂತು. "ನೀವು ಇದನ್ನ ಮಾರಿ ಎಷ್ಟು ವರ್ಷಾತು ಭಾಯ್. ನಿಮಗ್ಯಾಕ ಬೇಕಿತ್ರೀ ಇಷ್ಟೆಲ್ಲಾ?" ಎಂದೆ.

ಅವರಿಗೆ ಸಂಕೋಚವಾಯಿತು. "ಮಾರಿದ್ದು ಹೌದು. ಆದ್ರೆ ಭರವಸೆ ಮೇಲೆ ತಕೊಂಡ್ರಲ್ಲ ನೀವು, ಅದಕ್ಕೆ ಎಂತ ಮುಲ್ಕಿಯಾ, ಎಂತ ತಾರೀಖು? ಬಿಡಿ, ಚಾ ಕುಡಿವ" ಎಂದರು.

ಅಷ್ಟು ಹೊತ್ತು ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದ ನಮ್ಮ ಅತ್ತೆ ಎದ್ದು ಬಂದರು. ಮಡಿ, ಮೈಲಿಗೆ ಎಂದು ಊರಲ್ಲಿ ಪಕ್ಕದ ಮನೆಯ ನೀರನ್ನೂ ಮುಟ್ಟದವರು ಅವರು. "ತಮ್ಮಾ, ಸ್ವಲ್ಪ ಬಗ್ಗು" ಎಂದರು. ಮುನೀರ್ ಭಾಯ್ ಅರ್ಥವಾಗದೆ ನನ್ನ ಮುಖ ನೋಡಿದರು. ಆಮೇಲೆ ಬಗ್ಗಿದರು. ಗಡ್ಡ, ಟೋಪಿಯ ಆ ಎತ್ತರದ ಮನುಷ್ಯ ಅಷ್ಟೂ ಜನರ ಮುಂದೆ ತಲೆ ತಗ್ಗಿಸಿ ನಿಂತರು. ಅತ್ತೆ ಎರಡೂ ಕೈಗಳಿಂದ ಅವರ ಮುಖ ನೀವಿ, ತಮ್ಮ ಹಣೆಯ ಪಕ್ಕಗಳಿಗೆ ಬೆರಳೊತ್ತಿ ಲಟಲಟನೆ ನೆಟಿಗೆ ಮುರಿದು ದೃಷ್ಟಿ ತೆಗೆದರು. "ನನ್ನ ಮನಿ ಉಳಿಸಿದಿ. ನೂರ್ ವರ್ಷ ಬಾಳು" ಎಂದರು. ಮುನೀರ್ ಭಾಯ್ ಕಣ್ಣೊರೆಸಿಕೊಂಡರು. "ನಮ್ಮ ಅಮ್ಮನೂ ಹೀಗೇ ತೆಗೀತಿದ್ರು" ಎಂದರು.

ಅಂದು ಸಂಜೆ ಕೊಳವೆಗಳನ್ನೆಲ್ಲ ಹೊಸದಾಗಿ ಹಾಕಿಸಿ, ಮತ್ತೆ ಪರೀಕ್ಷೆ ಮಾಡಿಸಿ ಪಾಸಾದೆವು. ಭಾನುವಾರ ಅಬುಧಾಬಿಗೆ ಹೋದೆವು. ತಾಯಿ ಮಗ ತಬ್ಬಿಕೊಂಡದ್ದನ್ನು ನೋಡಿ ನಾನು ಕಾರಿನಿಂದ ಬೇಗ ಇಳಿಯಲೇ ಇಲ್ಲ, ಸ್ಟೇರಿಂಗ್ ಹಿಡಿದು ಕೂತೇ ಇದ್ದೆ.

ಬ್ರೇಕ್ ಒತ್ತಿದರೆ ಗಾಡಿ ನಿಲ್ಲುವುದು ದೊಡ್ಡ ವಿಷಯವೆಂದು ನನಗೆ ಅದುವರೆಗೆ ಅನ್ನಿಸಿರಲಿಲ್ಲ. ಈಗ ಕೆಂಪು ದೀಪ ಕಂಡು ಕಾಲಿಟ್ಟು, ಕಾರು ನಿಂತು, ಹಿಂದಿನ ಸೀಟಿನಲ್ಲಿ ಮಗಳ ಮಾತು ತಡೆಯಿಲ್ಲದೆ ಮುಂದುವರಿದಾಗ, ನನಗೆ ಮುನೀರ್ ಭಾಯ್ ನೆನಪಾಗುತ್ತಾರೆ. ಅವರ ಮಕ್ಕಳು ಮರಿ ಚೆನ್ನಾಗಿರಲಿ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಹಸಿರು ದೀಪಕ್ಕೆ ಕಾಯುತ್ತೇನೆ.